ಹಾಯಿದೋಣಿ ಕಲಿಯುವವರೇ, ಮೊದಲು ನಿಲ್ಲಿಸುವುದನ್ನು ಕಲಿಯಿರಿ

ಹಾಯಿದೋಣಿಗೆ ಬ್ರೇಕ್ ಇಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೆ ಹಾಯಿ ಏರಿಸಿ, ಅದು ಗಾಳಿ ತುಂಬಿಕೊಂಡು, ದೋಣಿ ಒಂದು ಬದಿಗೆ ವಾಲಿ ಓಡೋಕೆ ಶುರು ಮಾಡಿದಾಗಲೇ ಅದು ಸರಿಯಾಗಿ ತಲೆಗೆ ಹತ್ತುವುದು. ದಡದಲ್ಲಿ ನಿಂತು ನೋಡುವವರಿಗೆ ಹಾಯಿದೋಣಿ ಅಂದರೆ ಸಾಗುವುದು. ಕಲಿಯಲು ಬರುವವರೂ ಹಾಗೇ ಅಂದುಕೊಂಡು ಬರುತ್ತಾರೆ. ನನ್ನ ಮಟ್ಟಿಗೆ ಈ ವಿದ್ಯೆಯ ಅರ್ಧಕ್ಕಿಂತ ಜಾಸ್ತಿ ಇರುವುದು ಬೇರೆ ಕಡೆ. ಬೇಕಾದ ಜಾಗದಲ್ಲಿ ನಿಲ್ಲಿಸುವುದು, ನಿಂತಲ್ಲೇ ನಿಂತಿರುವುದು, ಏನಾದರೂ ಕೈಕೊಟ್ಟರೆ ಉಳಿದಿದ್ದರಲ್ಲೇ ಸಂಭಾಳಿಸಿ ವಾಪಸ್ ಬರುವುದು, ಇವತ್ತು ಇಳಿಯೋದು ಬೇಡ ಅಂತ ದಡದಲ್ಲೇ ತೀರ್ಮಾನ ಮಾಡುವುದು. ಇಲ್ಲಿ ಇಂಗ್ಲೆಂಡಿನಲ್ಲಿ ಇದನ್ನೆಲ್ಲ ಒಟ್ಟು ಸೇರಿಸಿ ಸೀಮನ್‌ಶಿಪ್ ಅನ್ನುತ್ತಾರೆ. ಈ ಪೋಸ್ಟ್ ಅದರ ಬಗ್ಗೆ.

ನಾನಿರುವುದು ಲೆಸ್ಟರ್‌ನಲ್ಲಿ. ಇಂಗ್ಲೆಂಡಿನ ನಟ್ಟನಡುವೆ, ಯಾವ ಕಡೆಗೆ ಹೋದರೂ ಕಡಲು ದೂರ. ಆದರೆ ಕಾರಿನಲ್ಲಿ ಒಂದು ಗಂಟೆಯೊಳಗೆ ರಟ್ಲೆಂಡ್ ವಾಟರ್ ಸಿಗುತ್ತದೆ. 1970ರ ದಶಕದಲ್ಲಿ ಎಂಪಿಂಗ್‌ಹ್ಯಾಮ್ ಹತ್ತಿರ ಗ್ವಾಶ್ ಅನ್ನುವ ಸಣ್ಣ ಹೊಳೆಗೆ ಅಣೆಕಟ್ಟು ಕಟ್ಟಿ ಮಾಡಿದ ಕುಡಿಯುವ ನೀರಿನ ಜಲಾಶಯ ಇದು. ನಮ್ಮ ಕೆಆರ್‌ಎಸ್ ಮುಂದೆ ತೀರಾ ಚಿಕ್ಕದು, ಇಲ್ಲಿನವರಿಗೆ ಬಹಳ ದೊಡ್ಡದು. ನೆದರ್ ಹ್ಯಾಂಬಲ್ಟನ್ ಅನ್ನುವ ಹಳ್ಳಿ ಮುಳುಗಿತು. ದಕ್ಷಿಣ ದಡದ ನಾರ್ಮಂಟನ್ ಚರ್ಚ್ ಮುಳುಗಬೇಕಿತ್ತು, ಜನ ಬಿಡಲಿಲ್ಲ. ಕಟ್ಟಡದ ಕೆಳಭಾಗಕ್ಕೆ ಕಲ್ಲು, ಕಾಂಕ್ರೀಟ್ ತುಂಬಿ ಸುತ್ತ ಒಡ್ಡು ಹಾಕಿ ಉಳಿಸಿಕೊಂಡರು. ಈಗ ಅದು ನೀರಿನ ಮೇಲೇ ಎದ್ದು ನಿಂತ ಹಾಗೆ ಕಾಣುತ್ತದೆ. ಹಾಸನದ ಕಡೆಯವರಿಗೆ ಅದನ್ನು ನೋಡಿದ ಕೂಡಲೇ ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ನೆನಪಾಗುತ್ತದೆ. ನಾನು ದೋಣಿ ಇಳಿಸುವುದು ಅದರ ಎದುರಿನ ಉತ್ತರ ದಡ, ವಿಟ್‌ವೆಲ್‌ನಿಂದ. ಈ ದಡದ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಬ್ರಿಟನ್ನಿನಲ್ಲಿ ದೋಣಿ ಕಲಿಸುವ ಪಾಠಕ್ರಮ ನಡೆಸುವುದು ರಾಯಲ್ ಯಾಟಿಂಗ್ ಅಸೋಸಿಯೇಷನ್. 1875ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿದ ಸಂಸ್ಥೆ, ಎಲ್ಲರೂ ಆರ್‌ವೈಎ ಅಂತಲೇ ಕರೆಯುತ್ತಾರೆ. ಲೆವೆಲ್ 1, 2, 3 ಅಂತ ಮೂರು ಮೆಟ್ಟಿಲು. ಒಂದೊಂದೂ ಸಾಮಾನ್ಯವಾಗಿ ಎರಡು ದಿನದ್ದು. ಅದಾದ ಮೇಲೆ ಕೆಲವು ಬೇರೆ ಬೇರೆ ಕೋರ್ಸ್‌ಗಳಿವೆ: ರೇಸಿಂಗ್ ಶುರು ಮಾಡುವವರಿಗೆ ಒಂದು, ಸ್ಪಿನೇಕರ್ ಅನ್ನುವ ಬಲೂನಿನಂಥ ಬಣ್ಣದ ಹಾಯಿ ಬಳಸುವವರಿಗೆ ಒಂದು, ದಿನವಿಡೀ ದೂರ ಹೋಗಿ ಬರುವವರಿಗೆ ಒಂದು. ಅವುಗಳ ಸಾಲಿನಲ್ಲೇ ಸೀಮನ್‌ಶಿಪ್ ಸ್ಕಿಲ್ಸ್ ಅಂತಲೂ ಒಂದಿದೆ. ಹೆಸರು ಕೇಳಿದರೆ ಯಾರಿಗೂ ಮೈ ಜುಮ್ ಅನ್ನುವುದಿಲ್ಲ. ಲೆವೆಲ್ 2 ಮುಗಿಸಿದವರು ನೇರ ರೇಸಿಂಗ್‌ಗೆ ಹೋಗುತ್ತಾರೆ, ಇಲ್ಲವೇ ಬಿಟ್ಟೇ ಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಇಡೀ ಪಾಠಕ್ರಮದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ ಕೋರ್ಸ್.

ಕಲಿತ ದೋಣಿ ವೇಫೇರರ್. 1957ರಲ್ಲಿ ಇಯಾನ್ ಪ್ರಾಕ್ಟರ್ ಅನ್ನುವವರು ವಿನ್ಯಾಸ ಮಾಡಿದ್ದು. ಉದ್ದ 4.82 ಮೀಟರ್, ಅಂದರೆ ಹದಿನಾರು ಅಡಿಗೆ ಸ್ವಲ್ಪ ಕಮ್ಮಿ. ಅಗಲವಾದ, ಗಟ್ಟಿಯಾದ, ಆತುರವಿಲ್ಲದ ದೋಣಿ. ಒಬ್ಬ ಶಿಕ್ಷಕರು ಮತ್ತು ಮೂವರು ಕಲಿಯುವವರು ಆರಾಮಾಗಿ ಕೂರಬಹುದು. ಹಿಂದೆ ದೊಡ್ಡ ಹಾಯಿ, ಮುಂದೆ ಜಿಬ್ ಅನ್ನುವ ಸಣ್ಣ ಹಾಯಿ. ನಡುವೆ ನೀರಿಗೆ ಇಳಿಸುವ ಹಲಗೆ, ಅದಕ್ಕೆ ಸೆಂಟರ್‌ಬೋರ್ಡ್ ಅನ್ನುತ್ತಾರೆ. ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವುದು ಅದರ ಕೆಲಸ. ಹಿಂದೆ ಚುಕ್ಕಾಣಿ.

ಗಾಳಿಗೆ ನೇರ ಎದುರು ಯಾವ ಹಾಯಿದೋಣಿಯೂ ಹೋಗಲ್ಲ. ಗಾಳಿ ಬರುವ ದಿಕ್ಕಿನಿಂದ ಎರಡೂ ಕಡೆಗೆ ಸುಮಾರು 45 ಡಿಗ್ರಿ ಹೋಗಬಾರದ ಜಾಗ. ಅದರೊಳಗೆ ಮೂತಿ ಹಾಕಿದರೆ ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ದೋಣಿ ನಿಂತು ಹೋಗುತ್ತದೆ. ಆದ್ದರಿಂದ ಎದುರುಗಾಳಿಯಲ್ಲಿ ಹಾವು ಹರಿದ ಹಾಗೆ ಓರೆಯಾಗಿ ಆಚೆ ಈಚೆ ಹೋಗಬೇಕು. ಇದಿಷ್ಟು ಲೆವೆಲ್ 1ರಲ್ಲೇ ಬರುತ್ತದೆ. ಹೊಸಬರಿಗೆ ಆ ಜಾಗ ಅಂದರೆ ಸಿಕ್ಕಿಹಾಕಿಕೊಳ್ಳುವ ಜಾಗ, ಒದ್ದಾಡಿ ಹೊರಬರಬೇಕಾದ ಜಾಗ. ಸೀಮನ್‌ಶಿಪ್ ಕಲಿತ ಮೇಲೆ ಅದೇ ನಮ್ಮ ಕೈಯಲ್ಲಿರುವ ಒಳ್ಳೆಯ ಸಾಧನ ಅನ್ನಿಸೋಕೆ ಶುರುವಾಗುತ್ತದೆ, ಯಾಕೆಂದರೆ ದೋಣಿ ನಿಲ್ಲುವುದು ಅಲ್ಲಿ.

ನಿಲ್ಲಿಸೋಕೆ ಎರಡು ದಾರಿ. ಸುಲಭದ್ದು ಅಂದರೆ ದೋಣಿಯನ್ನು ಗಾಳಿಯ ಕಡೆಗೆ ಸ್ವಲ್ಪ ತಿರುಗಿಸಿ ಎರಡೂ ಹಾಯಿಯ ಹಗ್ಗ ಸಡಿಲ ಬಿಡುವುದು. ಹಾಯಿಗೆ ಗಾಳಿ ಸಿಗದೆ ದೋಣಿ ನಿಲ್ಲುತ್ತದೆ. ನೀರು ಕುಡಿಯೋಕೆ, ಟೋಪಿ ಸರಿಮಾಡಿಕೊಳ್ಳೋಕೆ, ಸುಮ್ನೆ ಸುತ್ತ ನೋಡೋಕೆ ಇದು ಸಾಕು. ಇನ್ನೊಂದಕ್ಕೆ ಹೀವ್ ಟು ಅನ್ನುತ್ತಾರೆ. ಜಿಬ್ಬನ್ನು ಬೇಕಂತಲೇ ತಪ್ಪು ಬದಿಗೆ, ಅಂದರೆ ಗಾಳಿ ಬರುವ ಬದಿಗೆ ಎಳೆದು ಕಟ್ಟಬೇಕು. ದೊಡ್ಡ ಹಾಯಿ ಸಡಿಲ ಬಿಡಬೇಕು. ಚುಕ್ಕಾಣಿಯ ಹಿಡಿಯನ್ನು ಗಾಳಿ ಹೋಗುವ ಬದಿಗೆ ತಳ್ಳಿ ಹಿಡಿಯಬೇಕು. ಜಿಬ್ಬು ಮೂತಿಯನ್ನು ಗಾಳಿಯಿಂದ ಆಚೆ ತಳ್ಳುತ್ತದೆ, ಚುಕ್ಕಾಣಿ ಗಾಳಿಯ ಕಡೆ ತಿರುಗಿಸೋಕೆ ನೋಡುತ್ತದೆ, ಎರಡೂ ಸಮ ಆಗಿ ದೋಣಿ ಅಲ್ಲೇ ನಿಧಾನ ತೇಲುತ್ತಾ ಇರುತ್ತದೆ. ಆ ಬಡಿತ, ಆ ಗದ್ದಲ ಎಲ್ಲ ನಿಂತುಹೋಗುತ್ತದೆ. ಜೋರು ಗಾಳಿಯಲ್ಲಿ ಹಾಯಿ ಚಿಕ್ಕದು ಮಾಡಬೇಕಾದಾಗ, ಯಾರಿಗಾದರೂ ಸುಸ್ತಾದಾಗ ಇದು ಎಷ್ಟು ಉಪಕಾರಕ್ಕೆ ಬರುತ್ತದೆ ಅಂತ ಬರಿ ಮಾತಿನಲ್ಲಿ ಹೇಳೋದು ಕಷ್ಟ. ಮೊದಲ ದಿನವೇ ಇದನ್ನು ಹೇಳಿಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಾನು ನಿಲ್ಲಿಸಬಲ್ಲೆ ಅನ್ನುವ ಧೈರ್ಯ ಇದ್ದವರಿಗೆ ಓಡಿಸುವ ಭಯ ಅರ್ಧ ಕಮ್ಮಿ ಆಗುತ್ತದೆ.

ಇನ್ನು ಚುಕ್ಕಾಣಿ ಇಲ್ಲದೆ ದೋಣಿ ನಡೆಸುವ ಅಭ್ಯಾಸ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ದೋಣಿ ಹೇಗೆ ಕೆಲಸ ಮಾಡುತ್ತದೆ ಅಂತ ನನಗೆ ಮೈಗೆ ಅರ್ಥವಾದದ್ದು ಇದರಲ್ಲೇ. ನಮ್ಮ ಶಿಕ್ಷಕಿ ನೀರಿನ ನಡುವೆ ಬಂದ ಮೇಲೆ ಚುಕ್ಕಾಣಿಯ ಹಲಗೆಯನ್ನು ನೀರಿನಿಂದ ಮೇಲೆತ್ತಿ ಹಗ್ಗದಲ್ಲಿ ಬಿಗಿದು ಕಟ್ಟಿದರು. ಸೆಂಟರ್‌ಬೋರ್ಡ್ ಅರ್ಧ ಎತ್ತಿಸಿದರು. "ಈಗ ಚರ್ಚ್ ಕಡೆಗೆ ಹೋಗಿ" ಅಂದು ಕೈಕಟ್ಟಿ ಕೂತರು, ಅಷ್ಟೇ.

ದೋಣಿ ಗಾಳಿ ಹೋಗುವ ಬದಿಗೆ ವಾಲಿದರೆ ಮೂತಿ ತಾನಾಗಿ ಗಾಳಿಯ ಕಡೆ ತಿರುಗುತ್ತದೆ. ನಾವೆಲ್ಲ ಗಾಳಿ ಬರುವ ಬದಿಗೆ ಸರಿದು ಕೂತು ಆ ಕಡೆಗೆ ವಾಲಿಸಿದರೆ ಮೂತಿ ಗಾಳಿಯಿಂದ ಆಚೆ ಹೊರಳುತ್ತದೆ. ಕೈಬಿಟ್ಟು ಸೈಕಲ್ ಹೊಡೆಯುವವರು ಸೊಂಟ ವಾಲಿಸಿ ತಿರುಗಿಸುತ್ತಾರಲ್ಲ, ಹೆಚ್ಚು ಕಮ್ಮಿ ಹಾಗೇ. ಹಾಯಿಯದೂ ಇದೇ ಲೆಕ್ಕ. ಹಿಂದಿನ ದೊಡ್ಡ ಹಾಯಿ ಬಿಗಿ ಮಾಡಿದರೆ ದೋಣಿಯ ಹಿಂಭಾಗ ತಳ್ಳಿಸಿಕೊಂಡು ಮೂತಿ ಗಾಳಿಗೆ ಎದುರಾಗುತ್ತದೆ. ಅದನ್ನು ಸಡಿಲ ಬಿಟ್ಟು ಮುಂದಿನ ಜಿಬ್ ಬಿಗಿ ಮಾಡಿದರೆ ಮೂತಿ ಆಚೆ ಹೋಗುತ್ತದೆ. ಒಬ್ಬರು ದೊಡ್ಡ ಹಾಯಿಯ ಹಗ್ಗ, ಒಬ್ಬರು ಜಿಬ್ಬಿನ ಹಗ್ಗ, ಮೂರನೆಯವರು ಬರಿ ತಮ್ಮ ಮೈತೂಕ. ಶುರುವಿನಲ್ಲಿ ದೋಣಿ ಕುಡಿದವರ ಹಾಗೆ ಓಲಾಡುತ್ತದೆ, ಒಂದು ಕಡೆ ತಿರುಗೋಕೆ ಶುರುವಾದರೆ ನಿಲ್ಲೋದೇ ಇಲ್ಲ. ಯಾಕೆಂದರೆ ತಿರುಗಿದ ಮೇಲೆ ಸರಿಮಾಡೋಕೆ ಹೊರಟರೆ ತಡವಾಗಿರುತ್ತದೆ. ತಿರುಗುವ ಮೊದಲೇ, ಮೂತಿ ಅರ್ಧ ಅಡಿ ಅಲುಗಿದಾಗಲೇ, ಒಂದು ಅಂಗೈಯಷ್ಟು ಹಗ್ಗ ಬಿಡಬೇಕು, ಇಲ್ಲವೇ ಕೂತಲ್ಲಿಂದ ಒಂದು ಗೇಣು ಸರಿಯಬೇಕು. ಅಷ್ಟು ಸಾಕು. ಒಮ್ಮೆ ಆ ಹದ ಸಿಕ್ಕಿತು ನೋಡಿ, ದೋಣಿ ಗೆರೆ ಎಳೆದ ಹಾಗೆ ನೇರ ಹೋಯಿತು. ಮೂವರೂ ಮಾತು ನಿಲ್ಲಿಸಿ ಬರಿ ಹಗ್ಗದ ಮೇಲೆ ಗಮನ ಇಟ್ಟಿದ್ದೆವು.

ಇದು ಸರ್ಕಸ್ ಅಲ್ವಾ, ಯಾವತ್ತಾದರೂ ಉಪಯೋಗಕ್ಕೆ ಬರುತ್ತಾ ಅಂತ ಕೇಳಬಹುದು. ಚುಕ್ಕಾಣಿ ಕಳಚಿ ಬೀಳುವುದು, ಅದನ್ನು ಹಿಡಿದ ಪಿನ್ನು ಮುರಿಯುವುದು ಅಪರೂಪವೇನಲ್ಲ. ಆಗ ಮನೆಗೆ ಬರೋಕೆ ಇದು ಬೇಕು. ಆದರೆ ನಿಜವಾದ ಲಾಭ ಬೇರೆ. ಚುಕ್ಕಾಣಿ ಇದ್ದಾಗ ನಾವು ಮಾಡುವ ಸೋಮಾರಿತನ ಇದರಿಂದ ಬೆಳಕಿಗೆ ಬರುತ್ತದೆ. ದೋಣಿ ವಾಲಿರುತ್ತದೆ, ಹಾಯಿ ಅತಿ ಬಿಗಿಯಾಗಿರುತ್ತದೆ, ಮೂತಿ ಗಾಳಿಯ ಕಡೆ ಎಳೆಯುತ್ತಿರುತ್ತದೆ, ನಾವು ಮಾತ್ರ ಚುಕ್ಕಾಣಿಯನ್ನು ಬಲವಂತವಾಗಿ ಅಡ್ಡ ಹಿಡಿದು ನೇರ ಹೋಗ್ತಿದ್ದೀವಿ ಅಂದುಕೊಂಡಿರುತ್ತೇವೆ. ಅಡ್ಡ ಹಿಡಿದ ಚುಕ್ಕಾಣಿ ನೀರನ್ನು ತಡೆಯುತ್ತದೆ, ದೋಣಿ ನಿಧಾನ ಆಗುತ್ತದೆ, ಕೈ ನೋಯುತ್ತದೆ. ರೇಸ್ ಮಾಡುವವರಿಗೂ ಇದೇ ಪಾಠ ಬೇಕು. ಹಾಗಾಗಿ ಸೀಮನ್‌ಶಿಪ್ ಬೇರೆ, ವೇಗ ಬೇರೆ ಅಂತ ಬೇಲಿ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಎರಡನೆಯದು, ನೀರಿಗೆ ಬಿದ್ದವರನ್ನು ಎತ್ತುವುದು. ಅಭ್ಯಾಸಕ್ಕೆ ಮನುಷ್ಯರನ್ನು ಬೀಳಿಸುವುದಿಲ್ಲ, ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನ್ ಎಸೆಯುತ್ತಾರೆ. ದೋಣಿಯಲ್ಲಿ ಇಬ್ಬರಿದ್ದು ಒಬ್ಬರು ಬಿದ್ದರು ಅಂದರೆ ಉಳಿದವರು ಒಬ್ಬರೇ, ಎಲ್ಲವನ್ನೂ ಅವರೇ ಮಾಡಬೇಕು. ಬಿದ್ದ ತಕ್ಷಣ ಗಕ್ಕನೆ ತಿರುಗಿಸಿ ಅವರ ಹತ್ತಿರ ಹೋಗೋಣ ಅಂತ ಕೈ ತಾನಾಗಿ ಹೋಗುತ್ತದೆ. ಹಾಗೆ ಮಾಡಬಾರದು. ಗಾಳಿಗೆ ಬೆನ್ನು ಕೊಟ್ಟು ತಿರುಗಿಸುವುದಕ್ಕೆ ಜೈಬ್ ಅನ್ನುತ್ತಾರೆ. ಅದರಲ್ಲಿ ಬೂಮ್, ಅಂದರೆ ಹಾಯಿಯ ಕೆಳಗಿನ ಅಡ್ಡಕೋಲು, ರಪ್ಪನೆ ಈ ಬದಿಯಿಂದ ಆ ಬದಿಗೆ ಬರುತ್ತದೆ. ಒಬ್ಬರೇ ಇರುವಾಗ, ಗಾಬರಿಯಲ್ಲಿರುವಾಗ ದೋಣಿ ಮಗುಚೋಕೆ ಅಷ್ಟು ಸಾಕು. ಆಮೇಲೆ ಇಬ್ಬರೂ ನೀರಲ್ಲಿ.

ಕಲಿಸುವ ಕ್ರಮ ಹೀಗೆ. ಜಿಬ್ಬಿನ ಹಗ್ಗ ಬಿಟ್ಟುಬಿಡಿ, ಅದು ಬಡಿದುಕೊಳ್ಳಲಿ. ಬಿದ್ದವರ ಮೇಲಿಂದ ಕಣ್ಣು ತೆಗೆಯಬೇಡಿ. ಗಾಳಿಗೆ ಅಡ್ಡಲಾಗಿ ಹತ್ತು ದೋಣಿ ಉದ್ದದಷ್ಟು ದೂರ ಹೋಗಿ. ಅವರನ್ನು ಬಿಟ್ಟು ದೂರ ಹೋಗುತ್ತಿದ್ದೀರಿ ಅನ್ನಿಸುತ್ತದೆ, ಹೊಟ್ಟೆ ತೊಳೆಸಿದ ಹಾಗಾಗುತ್ತದೆ, ಆದರೂ ಹೋಗಬೇಕು, ವಾಪಸ್ ಬರುವ ಕೋನ ಸಿಗಬೇಕಾದರೆ ಜಾಗ ಬೇಕು. ಆಮೇಲೆ ಮೂತಿಯನ್ನು ಗಾಳಿಯ ಮೂಲಕ ತಿರುಗಿಸಿ, ಅಂದರೆ ಟ್ಯಾಕ್ ಮಾಡಿ, ಬಿದ್ದವರಿಗಿಂತ ಸ್ವಲ್ಪ ಕೆಳಗಾಳಿಗೆ, ಅಂದರೆ ಗಾಳಿ ಹೋಗುವ ಬದಿಗೆ ಬನ್ನಿ. ಅಲ್ಲಿಂದ ಅವರ ಕಡೆ ಮೂತಿ ಇಟ್ಟು ದೊಡ್ಡ ಹಾಯಿಯ ಹಗ್ಗವನ್ನು ಪೂರ್ತಿ ಬಿಟ್ಟು ನೋಡಿ. ಹಾಯಿ ಪೂರಾ ಬಡಿದುಕೊಂಡರೆ ಕೋನ ಸರಿಯಿದೆ. ಇನ್ನೂ ಗಾಳಿ ತುಂಬಿಕೊಂಡೇ ಇದ್ದರೆ ನೀವು ಮೇಲ್ಗಾಳಿಯಲ್ಲೇ, ಅಂದರೆ ಗಾಳಿ ಬರುವ ಬದಿಯಲ್ಲೇ ಇದ್ದೀರಿ, ನಿಲ್ಲಿಸೋಕೆ ಆಗಲ್ಲ, ಇನ್ನಷ್ಟು ಕೆಳಗೆ ಇಳಿಯಬೇಕು. ಕೋನ ಸರಿಯಾಯಿತು ಅಂದರೆ ಹಗ್ಗ ಸ್ವಲ್ಪ ಎಳೆದರೆ ದೋಣಿ ಮುಂದೆ, ಬಿಟ್ಟರೆ ನಿಧಾನ. ಎಳೆದು ಬಿಟ್ಟು, ಎಳೆದು ಬಿಟ್ಟು, ಕೊನೆಗೆ ಬಿದ್ದವರು ನಿಮ್ಮ ಗಾಳಿ ಬರುವ ಬದಿಯಲ್ಲಿ ಕೈಗೆ ಸಿಗುವ ಹಾಗೆ ನಿಲ್ಲಬೇಕು. ಇನ್ನೊಂದು ಬದಿ ಬೇಡ, ಅಲ್ಲಿ ದೋಣಿ ಅವರ ಮೇಲೆಯೇ ತೇಲಿಕೊಂಡು ಹೋಗುತ್ತದೆ, ಬೂಮ್ ಬೇರೆ ತಲೆಗೆ ಬಡಿಯುತ್ತದೆ, ಆ ಬದಿಯಿಂದ ಎತ್ತೋಕೆ ಹೋದರೆ ಅವರ ಭಾರಕ್ಕೆ ದೋಣಿ ಮಗುಚುತ್ತದೆ.

ಆ ಕ್ಯಾನಿನ ಹಿಡಿಗೆ ಕೈಹಾಕುವ ಹೊತ್ತಿಗೆ ದೋಣಿ ಪೂರ್ತಿ ನಿಂತಿರಬೇಕು. ಹತ್ತಿರ ಹಾದು ಹೋಗುತ್ತಾ ಗಬಕ್ಕನೆ ಹಿಡಿಯುವುದನ್ನು ನಮ್ಮ ಶಿಕ್ಷಕಿ ಒಪ್ಪುತ್ತಿರಲಿಲ್ಲ. "ಅದು ಕ್ಯಾನು, ಅದಕ್ಕೆ ಭುಜ ಇಲ್ಲ" ಅನ್ನುತ್ತಿದ್ದರು. ಓಡುವ ದೋಣಿಯಿಂದ ಒದ್ದೆ ಬಟ್ಟೆಯ ಮನುಷ್ಯನ ಕೈ ಹಿಡಿದರೆ ಏನಾಗುತ್ತದೆ ಅಂತ ಯೋಚಿಸಿದರೆ ಅವರ ಮಾತು ಪೂರ್ತಿ ಸರಿ.

ಈಗ ಮೊದಲು ಹೇಳಿದ ದಡದ ವಿಷಯ. ಇಂಗ್ಲೆಂಡಿನಲ್ಲಿ ಗಾಳಿ ಬಹುತೇಕ ನೈಋತ್ಯದಿಂದ ಬೀಸುತ್ತದೆ. ವಿಟ್‌ವೆಲ್ ಉತ್ತರ ದಡದಲ್ಲಿದೆ. ಅಂದರೆ ಹೆಚ್ಚಿನ ದಿನ ಗಾಳಿ ನೀರಿನ ಕಡೆಯಿಂದ ದಡಕ್ಕೆ ಬೀಸುತ್ತಿರುತ್ತದೆ. ಇಂಥ ದಡಕ್ಕೆ ಬರೋದು ಸುಲಭ, ಗಾಳಿಯೇ ತಂದು ಹಾಕುತ್ತದೆ. ತಂದು ಹಾಕುವುದೇ ಸಮಸ್ಯೆ. ದೊಡ್ಡ ಹಾಯಿ ತುಂಬಿಕೊಂಡು ಬೆನ್ನಿಗೆ ಗಾಳಿ ಇಟ್ಟುಕೊಂಡು ಬಂದರೆ ನಿಲ್ಲಿಸೋಕೆ ದಾರಿಯಿಲ್ಲ, ಹಗ್ಗ ಎಷ್ಟು ಬಿಟ್ಟರೂ ಹಾಯಿ ಬಡಿದುಕೊಳ್ಳುವುದಿಲ್ಲ, ಕಲ್ಲಿಗೆ ಹೋಗಿ ಹೊಡೆಯುತ್ತದೆ. ಆದ್ದರಿಂದ ದಡಕ್ಕೆ ಇನ್ನೂ ಸಾಕಷ್ಟು ದೂರ ಇರುವಾಗಲೇ ಗಾಳಿಗೆ ಮುಖ ಮಾಡಿ ನಿಲ್ಲಿಸಿ, ದೊಡ್ಡ ಹಾಯಿಯನ್ನು ಇಳಿಸಿ ಸುತ್ತಿಡಬೇಕು. ಆಮೇಲೆ ಜಿಬ್ಬೊಂದರಲ್ಲೇ ತೆವಳಿಕೊಂಡು ಬಂದು, ಕೊನೆಗೆ ಅದನ್ನೂ ಬಿಟ್ಟು, ಸೆಂಟರ್‌ಬೋರ್ಡ್ ಎತ್ತಿ ಮೆಲ್ಲಗೆ ತಾಗಿಸಬೇಕು. ಇಳಿಯುವಾಗ ದೋಣಿಗೂ ದಡಕ್ಕೂ ನಡುವೆ ನಿಲ್ಲಲೇಬಾರದು. ಒಂದು ಅಲೆ ಬಂದರೂ ಸಾಕು, ನೂರೈವತ್ತು ಕಿಲೋಗೂ ಜಾಸ್ತಿ ತೂಕದ ದೋಣಿ ಮೊಣಕಾಲಿಗೆ ಬಡಿಯುತ್ತದೆ.

ಮಗುಚುವುದರ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ, ನಿಜ ಹೇಳಬೇಕೆಂದರೆ ಅದು ಅಷ್ಟು ದೊಡ್ಡ ವಿಷಯವಲ್ಲ. ಒಬ್ಬರು ಈಜಿ ದೋಣಿಯ ತಳಭಾಗಕ್ಕೆ ಹೋಗಿ ಸೆಂಟರ್‌ಬೋರ್ಡ್ ಮೇಲೆ ಹತ್ತಿ ನಿಂತು ಜಿಬ್ಬಿನ ಹಗ್ಗ ಹಿಡಿದು ಹಿಂದಕ್ಕೆ ವಾಲುತ್ತಾರೆ. ಇನ್ನೊಬ್ಬರು ಒಳಬದಿಯಲ್ಲಿ ದೋಣಿಗೆ ಒತ್ತಿಕೊಂಡು ತೇಲುತ್ತಿರುತ್ತಾರೆ, ದೋಣಿ ಏಳುವಾಗ ಅವರನ್ನು ಮೊಗೆದುಕೊಂಡೇ ಏಳುತ್ತದೆ. ಕಲಿತರೆ ಬರುತ್ತದೆ. ಭಯಪಡಬೇಕಾದದ್ದು ನೀರಿನ ಚಳಿಗೆ. ಇಲ್ಲಿನ ನೀರು ವರ್ಷದ ಬಹುಭಾಗ 15 ಡಿಗ್ರಿಗಿಂತ ಕೆಳಗೇ ಇರುತ್ತದೆ. ಬಿದ್ದ ತಕ್ಷಣ ಉಸಿರು ಎಳೆದುಕೊಂಡು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಆ ಒಂದೆರಡು ನಿಮಿಷ ಚೆನ್ನಾಗಿ ಈಜು ಬರುವವರಿಗೂ ಈಜೋಕೆ ಆಗಲ್ಲ. ಸುಮ್ನೆ ಮಲಗಿ ತೇಲಿ, ಉಸಿರು ಹತೋಟಿಗೆ ಬರಲಿ, ಆಮೇಲೆ ಮಿಕ್ಕಿದ್ದು. 1824ರಿಂದ ಇಲ್ಲಿನ ಕಡಲಲ್ಲಿ ಜನರ ಜೀವ ಉಳಿಸುತ್ತಿರುವ ಆರ್‌ಎನ್‌ಎಲ್‌ಐ ಲೈಫ್‌ಬೋಟ್ ಸಂಸ್ಥೆ ಹೇಳುವುದೂ ಇದನ್ನೇ. ಹಾಗಾಗಿ ವೆಟ್‌ಸೂಟ್ ಮತ್ತು ತೇಲಿಸುವ ಜಾಕೆಟ್ ಇಲ್ಲದೆ ಯಾರನ್ನೂ ಇಳಿಯೋಕೆ ಬಿಡುವುದಿಲ್ಲ. ಬಿಡಲೂಬಾರದು.

ನೀರಿಗೆ ಇಳಿಯುವ ಮುಂಚೆ ಮಾಡುವ ಕೆಲಸ ಇನ್ನೂ ಮುಖ್ಯ. ಗಾಳಿಯನ್ನು ಇಲ್ಲಿ ಬೋಫರ್ಟ್ ಅಳತೆಯಲ್ಲಿ ಹೇಳುತ್ತಾರೆ. ಫ್ರಾನ್ಸಿಸ್ ಬೋಫರ್ಟ್ ಅನ್ನುವ ನೌಕಾಧಿಕಾರಿ 1805ರಲ್ಲಿ ಮಾಡಿದ್ದು. ಫೋರ್ಸ್ 3 ಅಂದರೆ 7ರಿಂದ 10 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.), ಕಲಿಯೋಕೆ ಹೇಳಿ ಮಾಡಿಸಿದ ಗಾಳಿ. ಫೋರ್ಸ್ 4 ಅಂದರೆ 11ರಿಂದ 16 ನಾಟ್, ಅಲೆಗಳ ತಲೆಯ ಮೇಲೆ ಬಿಳಿ ನೊರೆ ಅಲ್ಲಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅಂಕಿಗಳ ನಡುವೆ ಒಂದು ಮಾತು ಮರೆಯಬಾರದು, ಗಾಳಿಯ ವೇಗ ಎರಡು ಪಟ್ಟಾದರೆ ಅದು ಹಾಯಿಯ ಮೇಲೆ ಹಾಕುವ ಬಲ ನಾಲ್ಕು ಪಟ್ಟಾಗುತ್ತದೆ. 8 ನಾಟ್ ಗಾಳಿಯಲ್ಲಿ ಆರಾಮಾಗಿ ಓಡಿಸಿದವರು 16ರಲ್ಲಿ ಸ್ವಲ್ಪ ಜಾಸ್ತಿ ಕಷ್ಟ ಆಗಬಹುದು ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಇನ್ನೊಂದು, ಗಾಳಿ ಬೆನ್ನಿಗಿದ್ದಾಗ ಗಾಳಿಯೇ ಇಲ್ಲ ಅನ್ನಿಸುತ್ತದೆ. ದೋಣಿಯೂ ಅದೇ ದಿಕ್ಕಿಗೆ ಓಡುತ್ತಿರುವುದರಿಂದ ಮುಖಕ್ಕೆ ತಾಗುವುದು ಕಮ್ಮಿ. ಹಾಯಾಗಿ ದೂರ ಹೋಗಿಬಿಡುತ್ತೇವೆ. ವಾಪಸ್ ತಿರುಗಿದಾಗ ಅದೇ ಗಾಳಿ ಎದುರಿಗೆ ನಿಂತಿರುತ್ತದೆ. ಆದ್ದರಿಂದ ಹಾಯಿ ಮಡಚಿ ಚಿಕ್ಕದು ಮಾಡುವುದಿದ್ದರೆ, ಅಂದರೆ ರೀಫ್ ಹಾಕುವುದಿದ್ದರೆ, ದಡದಲ್ಲೇ ಹಾಕಿ. ಬೇಡವಾದರೆ ಮಧ್ಯದಲ್ಲಿ ಬಿಚ್ಚುವುದು ಸುಲಭ. ಹಾಕುವುದು ಬಹಳ ಕಷ್ಟ.

ನಮ್ಮ ಕರಾವಳಿಯವರಿಗೆ ಈ ತೀರ್ಮಾನ ಹೊಸದೇನಲ್ಲ. ಮಳೆಗಾಲದಲ್ಲಿ ಅಳಿವೆ ಬಾಯಲ್ಲಿ ಅಲೆ ಹೇಗೆ ಒಡೆಯುತ್ತಿದೆ ಅಂತ ನಿಂತು ನೋಡಿ, ಇವತ್ತು ಬೇಡ ಅಂತ ಬಲೆ ವಾಪಸ್ ಹೊತ್ತುಕೊಂಡು ಹೋಗುವುದು ಅವರಿಗೆ ಹಿರಿಯರಿಂದ ಬಂದ ವಿದ್ಯೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಸರ್ಕಾರದ ನಿಷೇಧ ಇದೆ, ಅದು ಮೀನು ಮರಿ ಮಾಡುವ ಕಾಲ ಅಂತ. ಕಡಲಿನ ಸಿಟ್ಟು ಆರಲಿ ಅಂತ ಕಾಯುವ ರೂಢಿ ಆ ಕಾನೂನಿಗಿಂತ ತುಂಬಾ ಹಳೆಯದು. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ, ಹಾಲು ಅರ್ಪಿಸಿ ಆಮೇಲೆ ಇಳಿಯುತ್ತಾರಲ್ಲ, ಅದರ ಹಿಂದೆ ಇರುವುದೂ ಗಾಳಿ ನೀರಿನ ಲೆಕ್ಕಾಚಾರವೇ ಅಂತ ನನ್ನ ನಂಬಿಕೆ. ನನ್ನ ಜೊತೆ ಕಲಿತ ಹೊನ್ನಾವರದ ಗೆಳೆಯನೊಬ್ಬ ಪ್ರತಿ ಸಲ ದಡಕ್ಕೆ ಬಂದಾಗಲೂ ಮೊದಲು ಹತ್ತು ನಿಮಿಷ ಸುಮ್ನೆ ನೀರು ನೋಡುತ್ತಾ ನಿಲ್ಲುತ್ತಿದ್ದ. ಮಿಕ್ಕವರು ಮೊಬೈಲಿನಲ್ಲಿ ಹವಾಮಾನ ನೋಡುತ್ತಿದ್ದರೆ ಇವನು ದೂರದ ನೀರಿನ ಮೇಲೆ ಕಪ್ಪು ಮಚ್ಚೆಗಳು ಎಲ್ಲಿಂದ ಎಲ್ಲಿಗೆ ಓಡುತ್ತಿವೆ ಅಂತ ನೋಡುತ್ತಿದ್ದ. ಆ ಮಚ್ಚೆಗಳೇ ಗಾಳಿಯ ಸೆಳಕು. "ಮಾರಾಯ, ಗಾಳಿ ಬಲಕ್ಕೆ ತಿರುಗ್ತಾ ಇದೆ ನೋಡು" ಅನ್ನುತ್ತಿದ್ದ. ಎರಡನ್ನೂ ಕಲಿಯಬೇಕು, ಮೊಬೈಲನ್ನೂ ನೀರನ್ನೂ.

ವೇಫೇರರ್ ಕಲಿಯುವವರ ದೋಣಿ ಅಂತ ಹಗುರವಾಗಿ ನೋಡುವವರಿಗೆ ಫ್ರ್ಯಾಂಕ್ ಡೈ ಅವರ ವಿಷಯ ಹೇಳಬೇಕು. ಇದೇ ಅಳತೆಯ, ಮೇಲೆ ಮುಚ್ಚಿಗೆಯಿಲ್ಲದ ವೇಫೇರರ್‌ನಲ್ಲಿ ಅವರು ಒಬ್ಬ ಜೊತೆಗಾರನ ಜೊತೆ 1963ರಲ್ಲಿ ಸ್ಕಾಟ್‌ಲೆಂಡಿನಿಂದ ಐಸ್‌ಲೆಂಡಿಗೆ ಹೋದರು. ಮರುವರ್ಷ ನಾರ್ವೆಗೆ ಹೊರಟಾಗ ಭಾರೀ ಬಿರುಗಾಳಿಗೆ ಸಿಕ್ಕಿದರು. ದೋಣಿ ಮತ್ತೆ ಮತ್ತೆ ಮಗುಚಿತು, ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, ಮುರಿಯಿತು. ನೀರಿಗೆ ಬಟ್ಟೆಯ ತಡೆಲಂಗರು ಬಿಟ್ಟು, ಮೂತಿಯನ್ನು ಅಲೆಗೆ ಎದುರಾಗಿ ಹಿಡಿದು, ಓಡುವ ಪ್ರಯತ್ನವನ್ನೇ ಕೈಬಿಟ್ಟು ಅಲ್ಲೇ ನಿಂತು ಕಳೆದರು. ಆಮೇಲೆ ಉಳಿದ ತುಂಡಿಗೆ ಹಾಯಿ ಕಟ್ಟಿಕೊಂಡು ನಾರ್ವೆ ತಲುಪಿದರು. ಆ ದೋಣಿ ವಾಂಡರರ್ ಈಗ ಕಾರ್ನ್‌ವಾಲ್‌ನ ಫಾಲ್ಮತ್ ಊರಿನ ನೌಕಾ ಮ್ಯೂಸಿಯಂನಲ್ಲಿದೆ. ಅವರು ಮಾಡಿದ್ದನ್ನು ಮಾಡಿ ಅಂತ ಯಾರಿಗೂ ಹೇಳುತ್ತಿಲ್ಲ. ಆದರೆ ಅವರು ಬದುಕಿ ಬಂದದ್ದು ನಿಲ್ಲಿಸೋದು, ಕಾಯೋದು, ಇದ್ದದ್ದರಲ್ಲಿ ರಿಪೇರಿ ಮಾಡೋದು ಬರುತ್ತಿದ್ದುದರಿಂದ.

ಊರಿನಿಂದ ಗೆಳೆಯರು ಕೇಳುತ್ತಿರುತ್ತಾರೆ, ಇದೆಲ್ಲ ಅಲ್ಲಿ ಸರಿ, ನಮ್ಮಲ್ಲಿ ಎಲ್ಲಿ ಅಂತ. ಕಡಲೇ ಬೇಕು ಅಂತಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಪಕ್ಕದ ಎಂಇಜಿ ಸೇನಾ ಕೇಂದ್ರದವರು ಹಾಯಿದೋಣಿ ಅಭ್ಯಾಸ ಮಾಡುತ್ತಾ ಬಂದಿದ್ದಾರೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ದೇಶಮಟ್ಟದ ರೇಸ್‌ಗಳೇ ನಡೆಯುತ್ತವೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಕಲಿತದ್ದು ಭೋಪಾಲದ ಕೆರೆಯಲ್ಲಿ. ಕಡಲೇ ಬೇಕು ಅನ್ನುವವರಿಗೆ ಚೆನ್ನೈ, ಮುಂಬೈ, ಗೋವಾ ಇವೆ. ಹಾಯಿದೋಣಿಯಲ್ಲಿ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳೆ ನೇತ್ರಾ ಕುಮಾನನ್ ಚೆನ್ನೈನವರು. ಮಂಗಳೂರಿನಿಂದ ಕಾರವಾರದವರೆಗೆ ಇಷ್ಟು ಉದ್ದದ ಕರಾವಳಿ, ಇಷ್ಟು ಅಳಿವೆ, ಇಷ್ಟು ಹಿನ್ನೀರು ಇಟ್ಟುಕೊಂಡು ನಮ್ಮ ಮಕ್ಕಳಿಗೆ ಇದು ಸುಲಭವಾಗಿ ಸಿಗಬೇಕು ಅಂತ ನನಗೆ ತುಂಬಾ ಆಸೆ. ಸೇರುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಹಾಯಿದೋಣಿಗಳ ಜೊತೆ ಕಾವಲಿಗೆ ಮೋಟಾರು ದೋಣಿ ಇದೆಯಾ, ಮಕ್ಕಳ ಅಳತೆಯ ತೇಲುವ ಜಾಕೆಟ್‌ಗಳಿವೆಯಾ. ಎರಡರಲ್ಲಿ ಒಂದು ಇಲ್ಲದಿದ್ದರೂ ವಾಪಸ್ ಬನ್ನಿ.

ರಟ್ಲೆಂಡ್‌ನಲ್ಲಿ ಕಲಿಯೋಕೆ ಆಗದ ಒಂದು ವಿಷಯ ಉಬ್ಬರವಿಳಿತ. ಜಲಾಶಯದ ನೀರು ಬೆಳಗ್ಗೆಯಿಂದ ಸಂಜೆವರೆಗೆ ಇದ್ದಲ್ಲೇ ಇರುತ್ತದೆ. ಮುಂದಿನ ಬೇಸಿಗೆಗೆ ನಾರ್ಫೋಕ್ ತೀರದ ವೆಲ್ಸ್ ಊರಿಗೆ ದೋಣಿ ಎಳೆದುಕೊಂಡು ಹೋಗುವ ಯೋಚನೆ ಇದೆ. ಅಲ್ಲಿನ ಬಂದರಿನಲ್ಲಿ ನೀರು ಇಳಿದಾಗ ದೋಣಿಗಳು ಕೆಸರಿನ ಮೇಲೆ ಕೂತುಬಿಡುತ್ತವೆ. ಇಳಿತ ಸುಮಾರು ಆರು ಗಂಟೆಯದು, ಆದರೆ ನೀರು ಸಮವಾಗಿ ಇಳಿಯಲ್ಲ. ಮೊದಲ ಗಂಟೆ ಹನ್ನೆರಡರಲ್ಲಿ ಒಂದು ಪಾಲು, ಎರಡನೇ ಗಂಟೆ ಎರಡು ಪಾಲು, ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು ಪಾಲು, ಆಮೇಲೆ ಎರಡು, ಕೊನೆಗೆ ಒಂದು. ಅಂದರೆ ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಖಾಲಿ. ಇದು ಅಂದಾಜಿನ ಲೆಕ್ಕ, ಆಯಾ ಜಾಗದ ಪಟ್ಟಿ ನೋಡಲೇಬೇಕು. ಈ ಚಳಿಗಾಲದಲ್ಲಿ ಆ ಪಟ್ಟಿಗಳನ್ನು ಓದೋದು ಕಲಿಯುತ್ತಿದ್ದೇನೆ.